ಇಬ್ಬನಿಯಲ್ಲೂ ಹತ್ತುತ್ತಾ? ಮನೆಯಲ್ಲೇ ನೋಡಿಕೊಳ್ಳಿ

ಬೆಂಕಿಪೊಟ್ಟಣ ಜೇಬಲ್ಲಿದ್ದರೆ ಕೊಡಗಿನಲ್ಲಿ ಒಲೆ ಹತ್ತುತ್ತದೆ ಅಂತಲ್ಲ. ಡಿಸೆಂಬರ್‌ನಲ್ಲೂ ಬೆಳಗಾಗುವಷ್ಟರಲ್ಲಿ ಸೌದೆ ಇಬ್ಬನಿಗೆ ನೆಂದಿರುತ್ತದೆ. ಹೋದ ಸಲ ತೋಟದಲ್ಲಿ ಟೆಂಟ್ ಹಾಕಿದಾಗ ಅರ್ಧ ಡಬ್ಬಿ ಕರ್ಪೂರ ಸುಟ್ಟರೂ ನನಗೆ ಕಾಫಿ ಸಿಗಲಿಲ್ಲ. ಈಗ ಹೊರಡುವ ಒಂದು ವಾರ ಮೊದಲೇ, ಸೌದೆಗೆ ಬೆಂಕಿ ಹಿಡಿಸಲು ಒಯ್ಯುವ ತುಂಡುಗಳನ್ನು ಅಂಗಳದಲ್ಲಿ ಪರೀಕ್ಷೆ ಮಾಡುತ್ತೇನೆ.

ಮೊದಲು ಸಾಮಾನು. ಹತ್ತಿ ಉಂಡೆಯ ಹೊರಮೈಗೆ ವ್ಯಾಸಲೀನ್ ತಿಕ್ಕಿ, ಒಳಗೆ ಒಣಗಿದ್ದಂತೆಯೇ ಇರಲಿ. ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಿಗೆ ಮರದ ಹೊಟ್ಟು ತುಂಬಿ ಕರಗಿದ ಮೇಣ ಸುರಿಯಿರಿ. ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಿ. ನೇರ ಉರಿಯಲ್ಲಿಟ್ಟರೆ ಮೇಣವೇ ಹತ್ತಿಕೊಳ್ಳಬಹುದು. ಆಗ ನೀರು ಎರಚಿದರೆ ಉರಿ ಮುಖಕ್ಕೇ ಚಿಮ್ಮುತ್ತದೆ, ಮುಚ್ಚಳ ಮುಚ್ಚಿ ಆರಿಸಬೇಕು. ಜೊತೆಗೆ ಒಂದು ಹಿಡಿ ತೆಂಗಿನ ನಾರು, ನಾಲ್ಕು ಬಿಲ್ಲೆ ಕರ್ಪೂರ.

ಒಣ ಹುಲ್ಲಿಲ್ಲದ ಜಾಗದಲ್ಲಿ ಹಳೆ ಹಂಚು ಇಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಒಂದೊಂದನ್ನೇ ಹಚ್ಚಿ, ಮೊಬೈಲಿನಲ್ಲಿ ಸಮಯ ನೋಡಿ. ಕರ್ಪೂರ ನೀರಿನ ಮೇಲೆ ತೇಲುತ್ತಲೂ ಉರಿಯುತ್ತದೆ, ಆದರೆ ಬೇಗ ಮುಗಿಯುತ್ತದೆ. ಮೇಣದ ಗುಳಿ ನಿಧಾನವಾಗಿ ಹತ್ತುತ್ತದೆ, ಹತ್ತಿದ ಮೇಲೆ ಆರುವ ಮಾತಿಲ್ಲ.

ಇನ್ನು ನೀರಿನ ಪರೀಕ್ಷೆ. ಎಲ್ಲವನ್ನೂ 5 ನಿಮಿಷ ನೀರಿನಲ್ಲಿಟ್ಟು ತೆಗೆದು ಒರೆಸಿ. ತೆಂಗಿನ ನಾರು ಇಲ್ಲೇ ಕೈಕೊಡುತ್ತದೆ. ಹತ್ತಿಯನ್ನು ಹಿಂಡಬೇಡಿ. ಮಧ್ಯಕ್ಕೆ ಬಿಡಿಸಿ, ಒಳಗಿನ ಒಣ ಎಳೆಗೆ ಕಡ್ಡಿ ಗೀರಿ.

ಕೊನೆಯದೇ ನಿಜವಾದ ಪರೀಕ್ಷೆ. ಸಿಲ್ವರ್ ಓಕ್ ಮರದ ಕೆಳಗೆ ಬಿದ್ದ ಪುರಲೆಯನ್ನು, ಅಂದರೆ ಸಣ್ಣ ಒಣ ರೆಂಬೆಗಳನ್ನು, ರಾತ್ರಿಯಿಡೀ ಹೊರಗಿಡಿ. ಬೆಳಗ್ಗೆ ಒಂದೇ ತುಂಡು, ಒಂದೇ ಕಡ್ಡಿಯಲ್ಲಿ ಅದನ್ನು ಹತ್ತಿಸಿ ನೋಡಿ. ಪುರಲೆಯಲ್ಲಿ ಹಬೆ ಹೋಗಿ ಉರಿ ಹಿಡಿಯುವವರೆಗೂ ತುಂಡು ಉರಿಯುತ್ತಿರಬೇಕು. ನನ್ನ ಅಂಗಳದಲ್ಲಿ ಗೆದ್ದದ್ದು ಮೇಣದ ಗುಳಿ. ಹತ್ತಿ ಎರಡು ಉಂಡೆ ಕೇಳಿತು.

ಇದೆಲ್ಲ ತೋಟದ ಮಾಲೀಕರು ಒಪ್ಪಿದ ಜಾಗಕ್ಕೆ ಮಾತ್ರ. ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವಾಗ ಬ್ಯಾಗಿನಲ್ಲಿ ಇವು ಬೇಡವೇ ಬೇಡ. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಫೆಬ್ರವರಿಯಿಂದ ಮಳೆ ಬೀಳುವವರೆಗೆ ಒಂದು ಕಿಡಿಗೇ ಗುಡ್ಡದ ಹುಲ್ಲು ಹೊತ್ತಿಕೊಳ್ಳುತ್ತದೆ.

ಗೆದ್ದ ತುಂಡುಗಳನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕರ್ಪೂರಕ್ಕೆ ಬೇರೆ ಡಬ್ಬಿ ಇರಲಿ, ಇಲ್ಲದಿದ್ದರೆ ಅಕ್ಕಿರೊಟ್ಟಿಯೂ ದೇವರ ಕೋಣೆಯ ವಾಸನೆ ಹೊಡೆಯುತ್ತದೆ.