ಡ್ರಮ್ಮಿನಲ್ಲಿ ಮೀಟರ್: ಸ್ಟಾರ್ ಟ್ರೆಕ್ ತೋರಿಸಿ ಮಕ್ಕಳನ್ನು ಬೆಳೆಸಿದ ನನ್ನ ಅನುಭವ

ಮೂರು ವರ್ಷದ ಹಿಂದೆ ನಾನು ಇದನ್ನು ಶುರು ಮಾಡಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಟಿವಿ ಹಾಕ್ಕೊಂಡು ಮಕ್ಕಳಿಗೆ ಬುದ್ಧಿ ಕಲಿಸ್ತಾರಾ ಯಾರಾದ್ರೂ?" ಎಂದು ಅಮ್ಮ ಬೈದರು. ನಮ್ಮ ಭಾವನಂತೂ ಮಗನನ್ನು ವಸತಿ ಶಾಲೆಗೆ ಹಾಕು, ಫೀಸಿಗೆ ಬೇಕಾದರೆ ಸ್ವಲ್ಪ ನಾನೂ ಕೊಡ್ತೀನಿ ಎಂದು ಪಟ್ಟು ಹಿಡಿದರು. ಈ ಬೇಸಿಗೆ ರಜೆಯಲ್ಲಿ ನಮ್ಮ ಅಂಗಡಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ಮೇಲೆ ಅದೇ ಭಾವ ಫೋನ್ ಮಾಡಿ, "ನಮ್ಮ ಹುಡುಗಿಗೆ ಯಾವ ಎಪಿಸೋಡಿಂದ ಶುರು ಮಾಡ್ಲಯ್ಯಾ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಟಾರ್ ಟ್ರೆಕ್ ಎಂದರೆ ಬಾಹ್ಯಾಕಾಶ ಹಡಗಿನಲ್ಲಿ ನಡೆಯುವ ಕತೆ, ಅಮೆರಿಕದ ಟಿವಿ ಧಾರಾವಾಹಿ. ನಾನು ಹೇಳುತ್ತಿರುವುದು 'ದಿ ನೆಕ್ಸ್ಟ್ ಜನರೇಷನ್' ಬಗ್ಗೆ, ಹಡಗಿನ ಕ್ಯಾಪ್ಟನ್ ಆಗಿ ಪಿಕಾರ್ಡ್ ಇರುವುದು. 1987ರಿಂದ 1994ರವರೆಗೆ ಏಳು ಸೀಸನ್ ಬಂತು. ನಾನು ನೋಡಿದ್ದು ಡಿಪ್ಲೊಮಾ ಓದುವಾಗ, ಹಾಸ್ಟೆಲ್ ಗೆಳೆಯನ ಹಾರ್ಡ್ ಡಿಸ್ಕಿನಲ್ಲಿ. ಮಕ್ಕಳ ವಿಷಯಕ್ಕೆ ಏಳೂ ಬೇಡ, ಐದನೇ ಸೀಸನ್ ಒಂದೇ ಸಾಕು ಎನ್ನುವುದು ನನ್ನ ಲೆಕ್ಕ. 1991–92ರದ್ದು, 26 ಎಪಿಸೋಡ್. ಅಪ್ಪ ಅಮ್ಮಂದಿರಿಗೆ ಬೇಕಾದದ್ದೆಲ್ಲ ಆ ಒಂದರಲ್ಲೇ ಇದೆ.

ತುಮಕೂರಿನ ಅಂತರಸನಹಳ್ಳಿ ಕಡೆ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಸುಟ್ಟ ಮೋಟಾರಿಗೆ ಹೊಸ ವೈರ್ ಸುತ್ತುವ ಕೆಲಸ. ಬೋರ್‌ವೆಲ್ ಮೋಟಾರೇ ಜಾಸ್ತಿ. ಮಗನಿಗೆ ಆಗ 12 ವರ್ಷ, ಮಗಳಿಗೆ 8. ಒಂದು ಸೋಮವಾರ ನೋಡಿದರೆ ಕರೆಂಟ್ ಅಳೆಯುವ ನನ್ನ ಕ್ಲ್ಯಾಂಪ್ ಮೀಟರ್ ಸತ್ತುಹೋಗಿತ್ತು. ಮೂರೂವರೆ ಸಾವಿರವೋ ಏನೋ ಕೊಟ್ಟು ತಂದು ಎರಡು ತಿಂಗಳೂ ಆಗಿರಲಿಲ್ಲ. ಸ್ಕ್ರೂ ಬಿಚ್ಚಿದರೆ ಒಳಗೆ ನೀರು. ಕೆಲಸದ ಹುಡುಗನನ್ನು ಕೇಳಿದೆ. "ಅಣ್ಣಾ, ನಾನು ಮುಟ್ಟಿಲ್ಲ" ಎಂದ. ನಾನು ನಂಬಲಿಲ್ಲ, ಬಾಯಿಗೆ ಬಂದಂತೆ ಬೈದೆ. ಮರುದಿನದಿಂದ ಅವನು ಬರಲೇ ಇಲ್ಲ.

ಐದಾರು ದಿನ ಆದ ಮೇಲೆ ಮಗಳು ಬಾಯಿಬಿಟ್ಟಳು. ಮೋಟಾರ್ ಟೆಸ್ಟ್ ಮಾಡುವ ನೀರಿನ ಡ್ರಮ್ಮಿಗೆ ಮೀಟರ್ ಬೀಳಿಸಿದ್ದು ಅಣ್ಣ. ಎತ್ತಿ, ಬನಿಯನ್ನಲ್ಲಿ ಒರೆಸಿ, ಅದೇ ಮೊಳೆಗೆ ನೇತುಹಾಕಿದ್ದ. ಮೀಟರ್ ಹೋದದ್ದು ಹೋಯಿತು ಬಿಡಿ. ನಾನು ಕೆಲಸದ ಹುಡುಗನಿಗೆ ಬೈಯುವಾಗ ಮಗ ಪಕ್ಕದಲ್ಲೇ ನಿಂತಿದ್ದ. ನೆಲ ನೋಡುತ್ತಾ ಸುಮ್ನೆ ನಿಂತಿದ್ದ. ಅದನ್ನು ನೆನೆಸಿಕೊಂಡು ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ಮಾಡಿದ್ದೇ ನನ್ನ ಮೊದಲ ತಪ್ಪು. ವಿಷಯ ಗೊತ್ತಾದ ದಿನ ರಾತ್ರಿಯೇ ಮಗನನ್ನು ಕೂರಿಸಿಕೊಂಡು 'ದಿ ಫಸ್ಟ್ ಡ್ಯೂಟಿ' ಎಪಿಸೋಡ್ ಹಾಕಿದೆ. ಅದರಲ್ಲಿ ವೆಸ್ಲಿ ಎನ್ನುವ ಹುಡುಗ ಹಡಗಿನ ಅಧಿಕಾರಿಯಾಗಲು ಅಕಾಡೆಮಿಯಲ್ಲಿ ಓದುತ್ತಿರುತ್ತಾನೆ. ಅವನೂ ಅವನ ತಂಡದವರೂ ನಿಷೇಧ ಇದ್ದ ಹಾರಾಟದ ಕಸರತ್ತಿಗೆ ಕೈಹಾಕುತ್ತಾರೆ. ಒಬ್ಬ ಹುಡುಗ ಸಾಯುತ್ತಾನೆ. ಉಳಿದವರು ಮಾತಾಡಿಕೊಂಡು ಸತ್ತವನ ಮೇಲೇ ತಪ್ಪು ಹೊರಿಸುತ್ತಾರೆ. ಪಿಕಾರ್ಡಿಗೆ ಗೊತ್ತಾಗುತ್ತದೆ. ವೆಸ್ಲಿಯನ್ನು ಒಬ್ಬನೇ ಕರೆದು, ಸತ್ಯ ಹೇಳುವುದೇ ಮೊದಲ ಕರ್ತವ್ಯ, ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳ್ತೀನಿ ಎನ್ನುತ್ತಾರೆ. ನಮ್ಮ ಮನೆ ಕತೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಅಲ್ಲಿಗೆ ನಿಲ್ಲಿಸಿ, "ಕೇಳಿಸ್ತಾ?" ಎಂದೆ. ಮಗ ಎದ್ದು ಒಳಗೆ ಹೋದ. ಹತ್ತು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಸುಟ್ಟ ಮೋಟಾರನ್ನು ಬಿಸಿ ಇರುವಾಗ ಬಿಚ್ಚಲು ಹೋಗಬಾರದು ಅಂತ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮಕ್ಕಳ ವಿಷಯದಲ್ಲಿ ಅದೇ ಮಾತು ನನಗೆ ಹೊಳೆಯಲಿಲ್ಲ.

ಆಮೇಲೆ ಅದೇ ಎಪಿಸೋಡನ್ನು ನಾನೊಬ್ಬನೇ ಮತ್ತೆ ನೋಡಿದೆ. ಆಗ ತಲೆಗೆ ಹೋಯಿತು, ನಾನು ಕೆಲಸದ ಹುಡುಗನಿಗೆ ಮಾಡಿದ್ದೇನು? ತಪ್ಪಿಲ್ಲದವನ ಮೇಲೆ ತಪ್ಪು ಹೊರಿಸಿದವನು ನಾನೂ ಹೌದಲ್ವಾ? ಮುಂದಿನ ಭಾನುವಾರ ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಗುಬ್ಬಿ ಕಡೆ ಆ ಕೆಲಸದ ಹುಡುಗನ ಊರಿಗೆ ಹೋದೆ. ಮಗನಿಗೆ ಒಂದು ಮಾತೂ ಕಲಿಸಿಕೊಟ್ಟಿರಲಿಲ್ಲ. ಜಗುಲಿ ಮೇಲೆ ಕೂತು, "ತಪ್ಪಾಯ್ತು ಕಣಪ್ಪ, ವಿಚಾರಿಸದೆ ನಿನ್ನ ಬೈದೆ" ಎಂದೆ. ಅವರಮ್ಮ ಟೀ ತಂದುಕೊಟ್ಟರು. ಮಗ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, "ಅಣ್ಣಾ, ಬೀಳಿಸಿದ್ದು ನಾನು" ಎಂದ. ಆ ಹುಡುಗ ವಾಪಸ್ ಬಂದ. ಸಂಬಳ ತಿಂಗಳಿಗೆ ಐನೂರು ಜಾಸ್ತಿ ಮಾಡಿದೆ. ಈಗಲೂ ನಮ್ಮಲ್ಲೇ ಇದ್ದಾನೆ.

ವಸತಿ ಶಾಲೆ ವಿಚಾರ. ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಆಗುತ್ತಿತ್ತು. ಸಾಲ ಮಾಡಿಯಾದರೂ ಸೇರಿಸುತ್ತಿದ್ದೆನೋ ಏನೋ. ಅದೇ ವಾರ 'ನ್ಯೂ ಗ್ರೌಂಡ್' ಎಪಿಸೋಡ್ ನೋಡಿದೆ. ವೋರ್ಫ್ ಎಂದರೆ ಪಿಕಾರ್ಡ್ ಹಡಗಿನ ಅಧಿಕಾರಿ, ಕ್ಲಿಂಗಾನ್ ಎನ್ನುವ ಬೇರೆ ಗ್ರಹದ ಯೋಧರ ಕುಲದವನು. ವೋರ್ಫ್‌ನ ಮಗ ಅಲೆಕ್ಸಾಂಡರ್ ಕದಿಯುತ್ತಾನೆ, ಕೇಳಿದರೆ ಸುಳ್ಳು ಹೇಳುತ್ತಾನೆ. ವೋರ್ಫ್ ಮೊದಲು ಗದರುತ್ತಾನೆ, ಮರ್ಯಾದೆ ಬಗ್ಗೆ ಭಾಷಣ ಬಿಗಿಯುತ್ತಾನೆ, ಕೊನೆಗೆ ಕ್ಲಿಂಗಾನ್ ಶಾಲೆಗೆ ಕಳಿಸಿಬಿಡ್ತೀನಿ ಎನ್ನುತ್ತಾನೆ. ಆ ಮಗು ಅಮ್ಮನನ್ನು ಕಳಕೊಂಡಿದೆ, ಅಜ್ಜಿ ತಾತನ ಹತ್ತಿರ ಒಂದಷ್ಟು ದಿನ ಇದ್ದು ಬಂದಿದೆ. ಮತ್ತೆ ಕಳಿಸಿದರೆ ಅದಕ್ಕೆ ಏನನ್ನಿಸಬೇಕು? ಕೊನೆಗೆ ವೋರ್ಫ್ ಮಗನನ್ನು ತನ್ನ ಹತ್ತಿರವೇ ಉಳಿಸಿಕೊಳ್ಳುತ್ತಾನೆ. ನಾನು ಭಾವನಿಗೆ ಫೋನ್ ಮಾಡಿ, "ಬೇಡ ಭಾವ, ಹುಡುಗ ಮನೇಲೇ ಇರ್ಲಿ" ಎಂದೆ.

ಅಲ್ಲಿಂದ ಶುರುವಾಯಿತು ನಮ್ಮ ಶನಿವಾರದ ಕ್ರಮ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಒಂದು ಎಪಿಸೋಡ್, ಮುಕ್ಕಾಲು ಗಂಟೆ. ಮಗಳಿಗೆ ಇಂಗ್ಲಿಷ್ ಅರ್ಥವಾಗದ ಕಡೆ ನಾನು ಕನ್ನಡದಲ್ಲಿ ಹೇಳುತ್ತೇನೆ. ಕ್ಯಾಪ್ಟನ್ ತೀರ್ಮಾನ ಮಾಡುವ ಮೊದಲು ನಿಲ್ಲಿಸಿ, ನೀವಾಗಿದ್ರೆ ಏನು ಮಾಡ್ತಿದ್ರಿ ಎಂದು ಕೇಳುತ್ತೇನೆ. ಚಿಕ್ಕವರು ಮೊದಲು, ನಾನು ಕೊನೆ. ಪಿಕಾರ್ಡ್ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಸಲಹೆ ಕೇಳುತ್ತಾರಲ್ಲ, ಹಾಗೆ. ಅಪ್ಪ ಮೊದಲು ಬಾಯಿ ತೆಗೆದರೆ ಮುಗಿಯಿತು, ಮಕ್ಕಳು ಅದನ್ನೇ ತಿರುಗಿಸಿ ಹೇಳುತ್ತಾರೆ. ಇನ್ನೊಂದು ಕಟ್ಟುನಿಟ್ಟು: ಆ ರಾತ್ರಿ ಮನೆಯ ಸಂಗತಿ ಎತ್ತುವ ಹಾಗಿಲ್ಲ. ಎಪಿಸೋಡ್ ಇವತ್ತು ಬಿತ್ತನೆ, ಬೆಳೆ ಯಾವಾಗಲೋ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ನಾಲ್ಕು ವಾರ ಮಾಡಿದರೆ ನಿಮ್ಮ ಮಕ್ಕಳ ಮುಖವೇ ಹೇಳುತ್ತದೆ.

ದುಡ್ಡು ಕಳಕೊಂಡದ್ದೂ ಇದೆ. ಹಡಗಿನ ಕಿಟಕಿ ತರಹ ಕಾಣಲಿ ಅಂತ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ, ಏಳು ಸಾವಿರ. ಎರಡು ತಿಂಗಳಿಗೆ ಬಲ್ಬ್ ಹೋಯಿತು. ಬಲ್ಬಿಗೆ ಇನ್ನೂ ನಾಲ್ಕು ಸಾವಿರ ಎಂದರು, ಅಟ್ಟಕ್ಕೆ ಹಾಕಿದೆ. ಹಳೇ ಟಿವಿಯೇ ವಾಸಿ. ಪಿಕಾರ್ಡ್ ದಿನಚರಿಯ ಹಾಗೆ 'ಕ್ಯಾಪ್ಟನ್ಸ್ ಲಾಗ್' ಬರೆಯಲಿ ಎಂದು ಇಬ್ಬರಿಗೂ ಒಳ್ಳೇ ಡೈರಿ ಕೊಡಿಸಿದೆ. ಮಗ ಒಂಬತ್ತು ದಿನ ಬರೆದ. ಮಗಳು ಚಿತ್ರ ಬಿಡಿಸಿ ತುಂಬಿಸಿದಳು. ಎಪಿಸೋಡ್ ನೋಡುವ ಚಂದಾ, ಪ್ರೊಜೆಕ್ಟರ್, ಡೈರಿ ಎಲ್ಲ ಸೇರಿ ಮೂರು ವರ್ಷಕ್ಕೆ ಹದಿನೈದು ಸಾವಿರ ಆಗಿರಬಹುದು. ವಸತಿ ಶಾಲೆಯ ಎರಡು ತಿಂಗಳ ದುಡ್ಡೂ ಅಲ್ಲ.

ಬ್ಯಾಡ್ಜಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. 'ಡಿಸಾಸ್ಟರ್' ಎಪಿಸೋಡಿನಲ್ಲಿ ಪಿಕಾರ್ಡ್ ಮೂರು ಮಕ್ಕಳ ಜೊತೆ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಕ್ಕಳೆಂದರೆ ಅವರಿಗೆ ಮೊದಲೇ ಮುಜುಗರ. ಕಾಲು ಮುರಿದಿದೆ, ಮಕ್ಕಳು ಅಳುತ್ತಿವೆ. ಆಗ ತಮ್ಮ ಕಾಲರಿನಲ್ಲಿದ್ದ, ಹುದ್ದೆ ತೋರಿಸುವ ಗುಂಡಿಗಳನ್ನೇ ಕಿತ್ತು ಕೊಟ್ಟು ಒಬ್ಬೊಬ್ಬರಿಗೆ ಒಂದೊಂದು ಹುದ್ದೆ ಕೊಡುತ್ತಾರೆ. ಮೂಲಂಗಿ ಬೆಳೆದಿದ್ದ ಚಿಕ್ಕ ಹುಡುಗನಿಗೆ ಮೂಲಂಗಿ ಅಧಿಕಾರಿ ಪಟ್ಟ! ಅಳು ನಿಲ್ಲುತ್ತದೆ. ನಾನು ಇದನ್ನು ನೋಡಿ ಆರುನೂರು ರೂಪಾಯಿಗೆ ಬ್ಯಾಡ್ಜ್ ಮಾಡಿಸಿ ಇಬ್ಬರಿಗೂ ದಿನಾ ಹಾಕಿಸಿದೆ. ಒಂದೇ ವಾರದಲ್ಲಿ ಅಣ್ಣ ತಂಗಿಗೆ ನೀರು ತರಲು ಆರ್ಡರ್ ಮಾಡತೊಡಗಿದ. ಜಗಳ, ಕೂದಲು ಎಳೆದಾಟ. ಪಿಕಾರ್ಡ್ ಹುದ್ದೆ ಕೊಟ್ಟದ್ದು ಭಯದ ಹೊತ್ತಿನಲ್ಲಿ, ದಿನಾ ಮೆರೆಯಲಿ ಅಂತ ಕೊಡಲಿಲ್ಲ.

ಸರಿಯಾದ ಹೊತ್ತು ಆಮೇಲೆ ಬಂತು. ಒಂದು ರಾತ್ರಿ ಕರೆಂಟ್ ಇಲ್ಲ, ಹೆಂಡತಿ ತವರಿಗೆ ಹೋಗಿದ್ದಳು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಮಗಳು ಗಡಗಡ ನಡುಗುತ್ತಿದ್ದಳು. "ಪುಟ್ಟಿ, ಅಜ್ಜಿ ಕೈ ಹಿಡ್ಕೊಂಡು ಮಾತಾಡಿಸ್ತಾ ಇರೋದು ನಿನ್ನ ಡ್ಯೂಟಿ, ನಿಲ್ಲಿಸಬಾರದು" ಎಂದೆ. ಮಗನಿಗೆ ಗೇಟಿನ ಹತ್ತಿರ ಟಾರ್ಚ್ ಹಿಡಿಯುವ ಕೆಲಸ. ಆಟೋ ಬರುವವರೆಗೂ ಮಗಳು ಅಜ್ಜಿಗೆ ಮಗ್ಗಿ ಒಪ್ಪಿಸುತ್ತಲೇ ಇದ್ದಳು. ಹದಿನಾರರ ಮಗ್ಗಿವರೆಗೂ ಹೋಗಿದ್ದಳು. ಅಮ್ಮನ ಮಣಿಕಟ್ಟು ಮುರಿದಿತ್ತು, ಒಂದೂವರೆ ತಿಂಗಳಿಗೆ ಸರಿಹೋಯಿತು. ಆಮೇಲೆ ಶನಿವಾರ ಎಂಟಕ್ಕೆ ಅಮ್ಮನೂ ಬಂದು ಕೂರುತ್ತಾರೆ. ಪಿಕಾರ್ಡನ್ನು "ಬೋಳುತಲೆ ಮೇಷ್ಟ್ರು" ಎನ್ನುತ್ತಾರೆ, ಬಹಳ ಗೌರವದಿಂದಲೇ.

ಇನ್ನೊಂದು ಪ್ರಯೋಗ ಸುಮ್ನೆ ಆಟಕ್ಕೆ ಶುರುವಾದದ್ದು. 'ಡಾರ್ಮಾಕ್' ಎನ್ನುವ ಎಪಿಸೋಡಿನಲ್ಲಿ ಬೇರೆ ಗ್ರಹದ ಜನ ಬರುತ್ತಾರೆ. ಆ ಜನ ಮಾತಾಡುವುದೆಲ್ಲ ತಮ್ಮ ಹಳೇ ಕತೆಗಳ ತುಣುಕಿನಲ್ಲಿ. ಸೋತೆವು ಎನ್ನಲು "ಶಾಕಾ, ಗೋಡೆಗಳು ಬಿದ್ದಾಗ" ಎನ್ನುತ್ತಾರೆ. ಕತೆ ಗೊತ್ತಿಲ್ಲದವರಿಗೆ ಒಂದಕ್ಷರ ತಿಳಿಯುವುದಿಲ್ಲ. ಅಮ್ಮ ಕೂಡಲೇ, "ಇದೇನು ಹೊಸದು, ನಾವು ಗಾದೆ ಹೇಳಲ್ವಾ?" ಎಂದರು. ಆವತ್ತಿಂದ ಮಕ್ಕಳು ನಮ್ಮ ಮನೆಯ ಭಾಷೆ ಕಟ್ಟಿದರು. "ಕ್ಯಾತ್ಸಂದ್ರದಲ್ಲಿ ಅಪ್ಪ, ಇಡ್ಲಿ ಮುಗಿದಾಗ" ಎಂದರೆ ತಡ ಮಾಡಿ ಕೈತಪ್ಪಿಸಿಕೊಂಡೆವು ಎಂದು. ತಟ್ಟೆ ಇಡ್ಲಿ ತಿನ್ನೋಣ ಎಂದು ಕರೆದುಕೊಂಡು ಹೋಗಿ ಬರೀ ಟೀ ಕುಡಿಸಿ ಕರೆತಂದಿದ್ದೆ, ಅದರ ನೆನಪು. "ದುರ್ಗದಲ್ಲಿ ಕೋತಿ, ಚೀಲ ಹರಿದಾಗ" ಎಂದರೆ ಯಾರ ತಪ್ಪೂ ಅಲ್ಲ, ಬಿಟ್ಟುಬಿಡಿ. ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುವ ಮಾತೂ ಹೀಗೆ ಹೇಳಿದರೆ ಸಲೀಸಾಗಿ ಬರುತ್ತದೆ ಅಂತ ನನಗೆ ತಿಳಿದದ್ದು ತಡವಾಗಿ.

ಈಗ ಈ ಬೇಸಿಗೆಯ ಸಂಗತಿ. ಮಗನಿಗೆ 15, ರಜೆಯಲ್ಲಿ ಅಂಗಡಿಗೆ ಬರುತ್ತಿದ್ದ. ಗುಬ್ಬಿ ಕಡೆಯ ಅಡಿಕೆ ತೋಟದವರ ಏಳೂವರೆ ಎಚ್‌ಪಿ ಮೋಟಾರ್ ಬಂದಿತ್ತು. ಒಂಬೈನೂರು ಅಡಿ ಬೋರು, ತೋಟ ಒಣಗುತ್ತಿದೆ. ಬೆಳಗ್ಗೆ ಆರಕ್ಕೆ ಟೆಂಪೊ ತರ್ತೀವಿ ಎಂದಿದ್ದರು. ಈ ಕೆಲಸಕ್ಕೆ ಇಬ್ಬರು ಬೇಕು. ಸ್ಟೇಟರ್ ಎಂದರೆ ಮೋಟಾರಿನ ತಿರುಗದ ಹೊರಭಾಗ, ಅದರ ಈ ಕಡೆ ನಾನು ಕೂತು ವೈರ್ ತೂರಿಸುವುದು, ಆ ಕಡೆ ಅವನು ಎಳೆದು ವಾಪಸ್ ಕೊಡುವುದು. ಸುತ್ತು ಎಣಿಸುವ ಕೆಲಸ ಅವನದು. ಸಂಜೆ ಮುಗಿಸಿದೆವು. ಮೀಟರಿನಲ್ಲಿ ಓಮ್ಸ್, ಅಂದರೆ ವೈರಿನ ತಡೆ, ನೋಡಿದೆ. ಮೂರೂ ಫೇಸಿನದು ಹೆಚ್ಚುಕಮ್ಮಿ ಸಮ ಇತ್ತು. ಮುಚ್ಚಿ ಮನೆಗೆ ಬಂದೆವು. ಆವತ್ತು ಭಾವ ಬಂದಿದ್ದರು, ಜೊತೆಗೆ ಊಟ ಮಾಡಿದೆವು.

ಹತ್ತೂವರೆ ಇರಬೇಕು. ಚಾಪೆ ಹಾಸುತ್ತಿದ್ದೆ. ಮಗ ಬಂದು ಬಾಗಿಲ ಹತ್ತಿರ ನಿಂತ.

"ಅಪ್ಪಾ, ಡ್ರಮ್ಮಿನಲ್ಲಿ ಮೀಟರ್."

ಈ ಮಾತು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ, ಅವನೇ ಕಟ್ಟಿದ್ದು. ನನಗೆ ತಕ್ಷಣ ಅರ್ಥವಾಯಿತು. ಭಾವನಿಗೆ ಆಗಲಿಲ್ಲ.

ಕೂತ್ಕೋ ಎಂದೆ. ಕೊನೆಯ ಕಾಯಿಲಿಗೆ, ಅಂದರೆ ವೈರಿನ ಸುರುಳಿಗೆ, ಸುತ್ತು ಎಣಿಸುವಾಗ ಫೋನ್ ನೋಡಿದನಂತೆ. ಒಂದು ಸುತ್ತು ಕಮ್ಮಿ ಬಿದ್ದಿರಬೇಕು, ಖಾತ್ರಿ ಇಲ್ಲ, ಊಟ ಮಾಡುವಾಗಿನಿಂದ ಅದೇ ತಲೆಯಲ್ಲಿ ಕೊರೀತಿದೆ ಎಂದ. ಅವನು ಸುಮ್ಮನಿದ್ದರೆ ಮೋಟಾರ್ ಬಾವಿಗೆ ಇಳಿಯುತ್ತಿತ್ತು, ಓಡುತ್ತಲೂ ಇತ್ತು. ಬಿಸಿಯಾಗಿ ಎಷ್ಟು ದಿನ ಬಾಳುತ್ತಿತ್ತು ಎನ್ನುವುದು ಬೇರೆ ಮಾತು. ಒಂಬೈನೂರು ಅಡಿಯಿಂದ ಎತ್ತಿ ಇಳಿಸುವುದಕ್ಕೇ ಎಂಟು ಹತ್ತು ಸಾವಿರ ಆಗುತ್ತದೆ. ಅದೂ ಪಾಪ ಅವರ ತಲೆ ಮೇಲೆ.

"ಈಗೇನ್ಮಾಡೋಣ? ನಿನ್ನ ಸಲಹೆ?" ಎಂದೆ. "ಬಿಚ್ಚಿ ನೋಡೋಣ" ಎಂದ. ಮೂವರೂ ಹೊರಟೆವು. ಭಾವ ಟಾರ್ಚ್ ಹಿಡಿದರು. ಬಿಚ್ಚಿ ಎಣಿಸಿದರೆ ನಿಜವಾಗಿಯೂ ಒಂದು ಸುತ್ತು ಕಮ್ಮಿ. ಸಾವಿರ ಚಿಲ್ಲರೆ ರೂಪಾಯಿಯ ವೈರ್ ಹೋಯಿತು. ಹೊಸದಾಗಿ ಹಾಕುವಾಗ ಅವನು ಪ್ರತಿ ಸುತ್ತನ್ನೂ ಗಟ್ಟಿಯಾಗಿ ಎಣಿಸಿದ. ಮುಗಿದಾಗ ಎರಡೂವರೆ.

ಬೆಳಗ್ಗೆ ಟೆಂಪೊ ಬಂದಾಗ ನಾನು ಏನೂ ಹೇಳಲಿಲ್ಲ. ಮಗನೇ ಮುಂದೆ ಹೋದ. "ಗೌಡ್ರೇ, ಒಂದು ಕಾಯಿಲ್ ನಾನು ತಪ್ಪು ಎಣಿಸಿದ್ದೆ. ರಾತ್ರಿ ಬಿಚ್ಚಿ ಮತ್ತೆ ಹಾಕಿದೀವಿ" ಎಂದ. ಅವರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಮೋಟಾರ್ ಎತ್ತಿಸಿಕೊಂಡು ಹೋದರು. ಹೋದ ತಿಂಗಳು ಅಣ್ಣನ ತೋಟದ ಮೋಟಾರ್ ಹಾಕಿಕೊಂಡು ಮತ್ತೆ ಬಂದಿದ್ದರು. ಶಾಲೆ ಇದ್ದ ದಿನ. ಇಳಿದವರೇ ಒಳಗೆಲ್ಲ ನೋಡಿ ಕೇಳಿದರು: "ಎಲ್ರೀ, ಎಣಿಸೋ ಹುಡುಗ?"