ಎರಡೂ ಪಕ್ಷದವರು ಕೂರುವ ಚರ್ಚಿನಲ್ಲಿ ಯುದ್ಧ ಬೇಡ ಎನ್ನುವುದು ಹೇಗೆ

ನಾನು ಮಂಗಳೂರಿನ ಬಾಸೆಲ್ ಮಿಶನ್ ಚರ್ಚಿನ ಸಭೆಯಲ್ಲಿ ಬೆಳೆದವಳು. ಈಗ ಅಮೆರಿಕದ ಓಹಾಯೋದಲ್ಲಿ ಒಂದು ಮೆಥಡಿಸ್ಟ್ ಚರ್ಚಿನ ಸದಸ್ಯೆ. ನಮ್ಮಲ್ಲಿ ರಿಪಬ್ಲಿಕನ್, ಡೆಮಾಕ್ರಾಟ್ ಎರಡೂ ಪಕ್ಷಕ್ಕೆ ಓಟು ಹಾಕುವವರಿದ್ದಾರೆ. ಯುದ್ಧ ಮಾಡಿ ಬಂದವರಿದ್ದಾರೆ, ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ತಾಯಂದಿರಿದ್ದಾರೆ. ಇಂಥ ಕಡೆ ಯುದ್ಧದ ವಿರುದ್ಧ ಪ್ರಾರ್ಥನಾ ಕೂಟ ನಡೆಸುವುದು ಹೇಗೆ ಅಂತ ಇಲ್ಲಿನ ಕನ್ನಡದವರು ಆಗಾಗ ಕೇಳುತ್ತಾರೆ.

ಹೇಳಿಕೆ ಬರೆಯುವುದರಿಂದ ಶುರು ಮಾಡಬೇಡಿ. 2003ರಲ್ಲಿ ಇರಾಕ್ ಯುದ್ಧಕ್ಕೆ ಮುಂಚೆ ಮೆಥಡಿಸ್ಟ್ ಬಿಷಪ್‌ಗಳಲ್ಲಿ ಹಲವರು ಯುದ್ಧ ಬೇಡ ಎಂದಿದ್ದರು. ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅದೇ ಚರ್ಚಿನವರು. ಅವರೂ ಕೇಳಲಿಲ್ಲ, ಬೆಂಚಿನಲ್ಲಿ ಕೂತ ತುಂಬಾ ಜನರೂ ಕೇಳಲಿಲ್ಲ. ಮೇಲಿನಿಂದ ಬಂದ ಕಾಗದಕ್ಕೆ ಮನಸ್ಸು ಬದಲಾಗುವುದು ಕಡಿಮೆ.

ಮೊದಲು ಸೈನಿಕರ ಮನೆಗಳಿಗೆ ಹೋಗಿ. ಚರ್ಚ್ ಕೌನ್ಸಿಲ್ ಮುಂದೆ ವಿಷಯ ಇಡುವ ಮುಂಚೆಯೇ ಹೋಗಿ, ಒಬ್ಬೊಬ್ಬರನ್ನೇ ಮಾತಾಡಿಸಿ. ನಿಮ್ಮ ಮಗನ ಹೆಸರು ಹೇಳಿ ಪ್ರಾರ್ಥಿಸಬಹುದಾ, ಯಾವ ಮಾತು ನಿಮಗೆ ನೋವಾಗುತ್ತದೆ ಅಂತ ಕೇಳಿ. ವಾದ ಬೇಡ, ಕೇಳಿಸಿಕೊಂಡು ಬನ್ನಿ. ಅವರು ಕೂಟಕ್ಕೆ ಬರದೇ ಇರಬಹುದು. ಆದರೆ ತಮ್ಮ ಬೆನ್ನ ಹಿಂದೆ ನಡೆಯಿತು ಅಂತ ಅವರಿಗೆ ಅನ್ನಿಸಬಾರದು.

ಕೂಟದಲ್ಲಿ ಭಾಷಣ ಕಡಿಮೆ ಇರಲಿ, ಸತ್ತವರ ಹೆಸರು ಜಾಸ್ತಿ ಇರಲಿ. ಯುದ್ಧವನ್ನೇ ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರರ ಸಂಸ್ಥೆ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ 2004ರ ಜನವರಿಯಲ್ಲಿ ಶಿಕಾಗೋದಲ್ಲಿ 504 ಜೊತೆ ಮಿಲಿಟರಿ ಬೂಟುಗಳನ್ನು ಸಾಲಾಗಿ ಇಟ್ಟಿತು. ಇರಾಕಿನಲ್ಲಿ ಸತ್ತ ಒಬ್ಬೊಬ್ಬ ಅಮೆರಿಕನ್ ಸೈನಿಕನಿಗೆ ಒಂದೊಂದು ಜೊತೆ. ಅಲ್ಲಿನ ಸಾಮಾನ್ಯ ಜನರ ನೆನಪಿಗೂ ಶೂಗಳನ್ನು ಇಡುತ್ತಿದ್ದರು. ಬುಷ್‌ಗೆ ಓಟು ಹಾಕಿದವರೂ ಆ ಸಾಲಿನ ಮುಂದೆ ನಿಲ್ಲಬಹುದಿತ್ತು. ನೀವು ಹೆಸರು ಓದುವಾಗಲೂ ಎರಡೂ ಕಡೆಯವರನ್ನು ಓದಿ. ಪರದೇಶದ ಹೆಸರುಗಳನ್ನು ಮೊದಲೇ ಓದಿ ಅಭ್ಯಾಸ ಮಾಡಿಕೊಳ್ಳಿ, ತಡವರಿಸಿದರೆ ಸತ್ತವರಿಗೆ ಅವಮಾನ.

ಇಷ್ಟೆಲ್ಲ ಜಾಗ್ರತೆ ವಹಿಸಿ ಕೊನೆಗೆ ಸುಮ್ನೆ 'ಲೋಕಕ್ಕೆ ಶಾಂತಿ ಕೊಡು ಕರ್ತನೇ' ಅಂತ ಮುಗಿಸಬೇಡಿ. ಯಾವ ಯುದ್ಧ, ಯಾರ ಬಾಂಬು, ಯಾರ ತೆರಿಗೆ ಹಣ, ಎಲ್ಲವನ್ನೂ ಹೇಳಬೇಕು. 1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ತಮ್ಮದೇ ಸರ್ಕಾರವನ್ನು ಹೊಣೆ ಮಾಡಿ ಮಾತಾಡಿದರು. ದೊಡ್ಡ ಪತ್ರಿಕೆಗಳು ಬೈದವು, ನಾಗರಿಕ ಹಕ್ಕುಗಳ ಚಳವಳಿಯ ಜೊತೆಗಾರರಲ್ಲೇ ಕೆಲವರು ಮುನಿಸಿಕೊಂಡರು. ಆದರೂ ಅವರು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಅಭ್ಯರ್ಥಿಗಳ ಹೆಸರು ಮಾತ್ರ ಬೇಡ. ಪಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ 2004ರ ಚುನಾವಣೆಗೆ ಎರಡು ದಿನ ಇರುವಾಗ ರೆವರೆಂಡ್ ಜಾರ್ಜ್ ರೀಗಸ್ ಒಂದು ಪ್ರಸಂಗ (ಧರ್ಮೋಪದೇಶ) ಮಾಡಿದರು. ಯೇಸು ಬುಷ್ ಮತ್ತು ಅವರ ಎದುರಾಳಿ ಕೆರ್ರಿ ಜೊತೆ ಚರ್ಚೆಗೆ ನಿಂತರೆ ಏನು ಹೇಳುತ್ತಿದ್ದ ಎಂಬುದು ವಿಷಯ. ಇಂಥವರಿಗೇ ಓಟು ಹಾಕಿ ಅಂತ ಅವರು ಹೇಳಲಿಲ್ಲ. ಆದರೂ ತೆರಿಗೆ ವಿನಾಯಿತಿ ಇರುವ ಚರ್ಚು ಚುನಾವಣೆಯಲ್ಲಿ ಪಕ್ಷ ವಹಿಸಿತಾ ಅಂತ ತೆರಿಗೆ ಇಲಾಖೆ ತನಿಖೆಗೆ ಬಂತು, 2007ರವರೆಗೂ ಎಳೆಯಿತು. ಆ ಚರ್ಚು ಜಗ್ಗಲಿಲ್ಲ, ಅದರ ಬಗ್ಗೆ ನನಗೆ ಬಹಳ ಗೌರವ. ಆದರೆ ಸಣ್ಣ ಸಭೆಗೆ ವಕೀಲರ ಖರ್ಚು ತಡೆಯುವುದು ಕಷ್ಟ. ಯುದ್ಧದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ, ಚುನಾವಣೆಯ ವಾರದಲ್ಲಿ ಕೂಟ ಇಟ್ಟುಕೊಳ್ಳಬೇಡಿ.

'ಇದು ಅವರ ಯುದ್ಧ, ನಮಗ್ಯಾಕೆ' ಅನ್ನುವ ಕನ್ನಡ ಮನೆಗಳೂ ಇವೆ. ಅವರಿಗೆ ನಾನು ನಮ್ಮೂರಿನ ವಿಷಯ ಹೇಳುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನಲ್ಲಿ ಜರ್ಮನರು ಬಹಳ ಜನ ಇದ್ದರು. 1914ರಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದಲೇ ಕಳಿಸಿದರು. ಮಿಶನ್ನಿನ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಕೊನೆಗೆ ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ನಮ್ಮ ಹಿರಿಯರ ಸಭೆಗಳಲ್ಲಿ ಎಷ್ಟೋ ಕಡೆ ಅಯ್ಯನವರೇ (ಪಾದ್ರಿಗಳೇ) ಇಲ್ಲದ ಹಾಗಾಯಿತು. ಆ ಯುದ್ಧವನ್ನು ನಮ್ಮ ಹಿರಿಯರೇನು ಶುರು ಮಾಡಿದ್ದಲ್ಲ ಅಲ್ವಾ?

ಬೀದಿಗೆ ಇಳಿಯುವಾಗ ಊರಿನ ಆಡಳಿತದ ನಿಯಮ ಕೇಳಿಕೊಳ್ಳಿ. ಫುಟ್‌ಪಾತಿನಲ್ಲಿ ದಾರಿ ಬಿಟ್ಟು ಮೇಣದಬತ್ತಿ ಹಿಡಿದು ನಿಲ್ಲುವುದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. 2007ರ ಮಾರ್ಚಿನಲ್ಲಿ ಇರಾಕ್ ಯುದ್ಧದ ವಿರುದ್ಧ ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಪ್ರಾರ್ಥಿಸಿ ಶ್ವೇತಭವನಕ್ಕೆ ನಡೆದವರಲ್ಲಿ 200ಕ್ಕೂ ಹೆಚ್ಚು ಜನ ಗೊತ್ತಿದ್ದೇ ಬಂಧನಕ್ಕೆ ಒಳಗಾದರು. ಅದು ಪೌರತ್ವ ಇದ್ದವರ ಕೆಲಸ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರು ಆ ಸಾಲಿಗೆ ಸೇರಬೇಡಿ. ಪೊಲೀಸರು ಚದುರಿ ಅಂದ ತಕ್ಷಣ ಹೊರಟುಬಿಡಿ.

ಇನ್ನೊಂದು ಕೆಲಸವನ್ನು ಯಾವ ಪಕ್ಷದ ಅಪ್ಪ ಅಮ್ಮನೂ ಬೇಡ ಅನ್ನುವುದಿಲ್ಲ. 18ರಿಂದ 25ರ ಗಂಡುಮಕ್ಕಳ ಹೆಸರು ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ, ಅಂದರೆ ಕಡ್ಡಾಯ ಸೇನಾ ಭರ್ತಿ ಬಂದರೆ ಬಳಸುವ ಸರ್ಕಾರಿ ಪಟ್ಟಿಯಲ್ಲಿ ಇರಬೇಕು, ಗ್ರೀನ್ ಕಾರ್ಡ್ ಇದ್ದವರದ್ದೂ. ಮನಸ್ಸಾಕ್ಷಿ ಒಪ್ಪದ್ದರಿಂದ ನಾನು ಕೊಲ್ಲಲಾರೆ ಅಂತ ಹೆಸರು ಸೇರಿಸುವಾಗಲೇ ಹೇಳಿಕೊಳ್ಳಲು ಅಲ್ಲಿ ಜಾಗವಿಲ್ಲ. ಹಾಗೆ ನಂಬುವ ಹುಡುಗ, ಮುಂದೆ ಕರೆ ಬಂದರೆ ತೋರಿಸಲು, ಈಗಲೇ ತನ್ನ ಮಾತಿನಲ್ಲಿ ಒಂದು ಕಾಗದ ಬರೆಯಲಿ. ತಾರೀಕು ಹಾಕಿಸಿ, ಪಾಸ್ಟರ್ ಸಹಿ ಮಾಡಿಸಿ, ಒಂದು ಪ್ರತಿಯನ್ನು ಚರ್ಚಿನ ಫೈಲಿನಲ್ಲಿಡಿ.