ಒಬ್ಬರಿಗೆ ಮಂಗಳೂರು, ಇನ್ನೊಬ್ಬರಿಗೆ ಕಣ್ಣೂರು: ಮನೆ ಎಲ್ಲಿ ಮಾಡುವುದು?

ಗಂಡನಿಗೆ ಒಂದು ಊರಿನಲ್ಲಿ, ಹೆಂಡತಿಗೆ ಇನ್ನೊಂದು ಊರಿನಲ್ಲಿ ಕೆಲಸವಿರುವುದು ಕಾಸರಗೋಡು ಜಿಲ್ಲೆಯಲ್ಲಿ ಈಗ ಅಪರೂಪವೇನಲ್ಲ. ಒಬ್ಬರು ಮಂಗಳೂರಿನ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ದುಡಿಯುತ್ತಿದ್ದರೆ, ಇನ್ನೊಬ್ಬರು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ, ಕಣ್ಣೂರಿನ ಕಚೇರಿಯಲ್ಲೋ, ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲೋ ಇರುತ್ತಾರೆ. ಇಂಥ ದಂಪತಿ ಮನೆ ಹುಡುಕಲು ಹೊರಟಾಗ ನಕ್ಷೆ ತೆರೆದು ಎರಡೂ ಊರುಗಳ ನಡುವೆ ಬೆರಳಿಡುವುದು ರೂಢಿ. ಇದು ನ್ಯಾಯವಾಗಿ ಕಂಡರೂ ಎಷ್ಟೋ ಸಲ ಇಬ್ಬರಿಗೂ ಅನನುಕೂಲವಾದ ಜಾಗದಲ್ಲಿ ಮನೆ ಮಾಡಿಸುತ್ತದೆ. ಗಡಿಯ ಈ ಜಿಲ್ಲೆಯಲ್ಲಿ ಕಿಲೋಮೀಟರಿನ ಲೆಕ್ಕಕ್ಕೆ ಮೊದಲು ನೋಡಬೇಕಾದ ಸಂಗತಿಗಳು ಬೇರೆಯೇ ಇವೆ.

ಮೊದಲು: ಯಾರ ಕೆಲಸ ಕದಲುವುದಿಲ್ಲ?

ಇಬ್ಬರ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆದು, ಮುಂದಿನ ಐದು ವರ್ಷಗಳಲ್ಲಿ ಯಾವುದು ಇದ್ದಲ್ಲೇ ಇರುತ್ತದೆ, ಯಾವುದು ಎಲ್ಲಿಗೆ ಹೋಗಬಹುದು ಎಂದು ಗುರುತಿಸಿಕೊಳ್ಳಬೇಕು. ಕೇರಳ ಪಿಎಸ್‌ಸಿ ಮೂಲಕ ಕನ್ನಡ ಮಾಧ್ಯಮದ ಅಧ್ಯಾಪಕರಾದವರಿಗೆ ಈ ಜಿಲ್ಲೆಯ ಹೊರಗೆ ಅಂಥ ಹುದ್ದೆಯೇ ಇಲ್ಲವೆನ್ನಬಹುದು. ಗಡಿಯಾಚೆ ಎರಡು ಹೆಜ್ಜೆಯಲ್ಲಿ ಇನ್ನೊಂದು ಕನ್ನಡ ಶಾಲೆ ಇದ್ದರೂ ಅದು ಬೇರೆ ರಾಜ್ಯದ ಶಾಲೆ, ಅಲ್ಲಿಗೆ ವರ್ಗವಾಗಿ ಹೋಗುವ ದಾರಿಯಿಲ್ಲ. ವಿಶ್ವವಿದ್ಯಾಲಯದ ಹುದ್ದೆಯೂ ಹೀಗೆಯೇ ಊರಿಗೆ ಅಂಟಿಕೊಂಡದ್ದು. ಬ್ಯಾಂಕ್ ಅಧಿಕಾರಿಗಳಿಗೂ ಕೇಂದ್ರ ಸೇವೆಯಲ್ಲಿರುವ ಹಲವರಿಗೂ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪಿದ್ದಲ್ಲ. ಸರ್ಕಾರಿ ನೌಕರ ದಂಪತಿಯನ್ನು ಸಾಧ್ಯವಾದಷ್ಟು ಒಂದೇ ಊರಿನಲ್ಲಿ ನೇಮಿಸಬೇಕೆಂಬ ಕೇಂದ್ರದ ಮಾರ್ಗಸೂಚಿ 1986ರಿಂದಲೂ ಇದೆ, 2009ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಲಾಯಿತು. ಆದರೆ ಅದು ಅರ್ಜಿ ಹಾಕಲು ಆಧಾರವೇ ಹೊರತು ಹಕ್ಕಲ್ಲವಾದ್ದರಿಂದ, ಅದನ್ನು ನಂಬಿ ಮನೆ ಕಟ್ಟಲು ಅಡಿಪಾಯ ಹಾಕುವುದು ಬೇಡ.

ಒಬ್ಬರ ಕೆಲಸ ಕದಲದ್ದು, ಇನ್ನೊಬ್ಬರದು ಕದಲುವಂಥದ್ದು ಎಂದಾದರೆ, ಮನೆ ಕದಲದ ಕೆಲಸದ ಹತ್ತಿರವೇ ಇರಲಿ. ಇವತ್ತಿನ ಸಂಬಳ ಯಾರದು ಹೆಚ್ಚು ಎಂಬುದನ್ನು ಈ ಹಂತದಲ್ಲಿ ಎಳೆದು ತರದಿರುವುದು ಒಳ್ಳೆಯದು.

ಎರಡನೆಯದು: ಸಂಜೆಯ ಹೊತ್ತು ಯಾರ ಕೈಯಲ್ಲಿಲ್ಲ?

ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡಿಗೆ ರೈಲು ಹಾದಿ ಸುಮಾರು 46 ಕಿಲೋಮೀಟರ್, ಅಲ್ಲಿಂದ ಕಣ್ಣೂರಿಗೆ ಸುಮಾರು 86 ಕಿಲೋಮೀಟರ್. ರೈಲ್ವೆಯ ಸೀಸನ್ ಟಿಕೆಟ್ 150 ಕಿಲೋಮೀಟರ್‌ವರೆಗೆ ಸಿಗುವುದರಿಂದ ಈ ಇಡೀ ಹಾದಿ ಅದರ ಮಿತಿಯೊಳಗೇ ಬರುತ್ತದೆ. ಲೆಕ್ಕದ ಪ್ರಕಾರ ನಡುಮಧ್ಯ ಬೇಕಲ ಕೋಟೆ, ಕಾಞಂಗಾಡ್‌ಗಳ ಆಸುಪಾಸಿನಲ್ಲಿ ಬೀಳುತ್ತದೆ. ಆದರೆ ಅಲ್ಲಿ ಮನೆ ಮಾಡಿದರೆ ಇಬ್ಬರೂ ದಿನಕ್ಕೆ 130 ಕಿಲೋಮೀಟರಿನಷ್ಟು ಓಡಾಡಬೇಕಾಗುತ್ತದೆ, ಮಗುವಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಕರೆ ಬಂದರೆ ಒಂದು ಗಂಟೆಯೊಳಗೆ ತಲುಪುವವರು ಇಬ್ಬರಲ್ಲಿ ಯಾರೂ ಇರುವುದಿಲ್ಲ. ನನ್ನ ಮಟ್ಟಿಗೆ, ಸಮಪಾಲಿನ ಹೆಸರಿನಲ್ಲಿ ಹೀಗೆ ಇಬ್ಬರನ್ನೂ ದಣಿಸುವುದಕ್ಕಿಂತ ಒಬ್ಬರಾದರೂ ಮನೆಗೆ ಹತ್ತಿರವಿರುವ ಏರ್ಪಾಡು ಮೇಲು.

ಆ ಒಬ್ಬರು ಯಾರಾಗಬೇಕು ಎಂಬುದನ್ನು ಕೆಲಸದ ಹೊತ್ತು ನಿರ್ಧರಿಸಲಿ. ರಾತ್ರಿ ಪಾಳಿಯ ನರ್ಸ್, ತಿಂಗಳ ಕೊನೆಯಲ್ಲಿ ತಡವಾಗಿ ಹೊರಡುವ ಬ್ಯಾಂಕ್ ಉದ್ಯೋಗಿ, ಯಾವಾಗ ಬೇಕಾದರೂ ಕರೆ ಬರುವ ವೈದ್ಯರು ರೈಲಿನ ವೇಳಾಪಟ್ಟಿಗೆ ಹೊಂದಿಕೊಳ್ಳಲಾರರು. ಶಾಲೆಯವರಿಗೂ ಸರ್ಕಾರಿ ಕಚೇರಿಯವರಿಗೂ ಹೊರಡುವ ಹೊತ್ತು ಗೊತ್ತಿರುತ್ತದೆ, ಅವರು ದೂರದ ಪ್ರಯಾಣವನ್ನು ತಾಳಿಕೊಳ್ಳಬಲ್ಲರು.

ರೈಲನ್ನು ನೆಚ್ಚುವವರು ಮನೆಯಿಂದ ನಿಲ್ದಾಣಕ್ಕಿರುವ ದೂರವನ್ನೂ ಸೇರಿಸಿ ಹೊತ್ತಿನ ಲೆಕ್ಕ ಹಾಕಬೇಕು. ಸೀಸನ್ ಟಿಕೆಟಿನವರಿಗೆ ಸಾಮಾನ್ಯವಾಗಿ ಕಾಯ್ದಿರಿಸದ ಬೋಗಿಯೇ ಗತಿ, ಸಂಜೆಯ ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾದೀತು. ಉಪ್ಪಳ ಅಥವಾ ಕುಂಬಳೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಸಣ್ಣ ಮನೆ, ಒಳನಾಡಿನಲ್ಲಿ ಕಡಿಮೆ ಬಾಡಿಗೆಗೆ ಸಿಗುವ ದೊಡ್ಡ ಮನೆಗಿಂತ ದಿನಕ್ಕೆ ಎಷ್ಟು ಹೊತ್ತು ಉಳಿಸುತ್ತದೆ ಎಂಬುದನ್ನು ಕಡೆಯ ಬಸ್ಸಿನ ವೇಳೆಯೊಂದಿಗೆ ಹೋಲಿಸಿ ನೋಡಬೇಕು. ಒಬ್ಬರಿಗೆ ಪುತ್ತೂರು ಅಥವಾ ವಿಟ್ಲ, ಇನ್ನೊಬ್ಬರಿಗೆ ಕಾಸರಗೋಡು ಪೇಟೆ ಎಂದಾದರೆ ಕರಾವಳಿಯ ಮಾತನ್ನೇ ಬಿಟ್ಟು, ಚೆರ್ಕಳ–ಕಲ್ಲಡ್ಕ ರಸ್ತೆಯ ಮೇಲಿರುವ ಬದಿಯಡ್ಕ, ಪೆರ್ಲಗಳನ್ನು ನೋಡುವುದು ಸರಿ.

ಹೀಗೆ ಆರಿಸಿದ ಜಾಗದಿಂದ, ಮುಂಗಡ ಕೊಡುವ ಮೊದಲು, ಒಂದು ಸೋಮವಾರ ಬೆಳಿಗ್ಗೆ ಮತ್ತು ಒಂದು ಶುಕ್ರವಾರ ಸಂಜೆ ಇಬ್ಬರೂ ನಿಜವಾಗಿ ಪ್ರಯಾಣ ಮಾಡಿ ನೋಡಬೇಕು. ಜೂನ್, ಜುಲೈ ತಿಂಗಳ ಮಳೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಮೂರನೆಯದು: ಗಡಿಗೆರೆಯ ಯಾವ ಬದಿ?

ತಲಪಾಡಿಯ ಆಚೆಯೋ ಈಚೆಯೋ ಎಂಬುದನ್ನು ಬಾಡಿಗೆಯ ವ್ಯತ್ಯಾಸ ನೋಡಿ ತೀರ್ಮಾನಿಸುವವರೇ ಹೆಚ್ಚು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ರೋಗಿಗಳೂ ಅಲ್ಲಿ ಕೆಲಸಕ್ಕಿದ್ದವರೂ ಈಚೆಯೇ ಉಳಿಯಬೇಕಾಯಿತು, ವಿಷಯ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ತಲುಪಿತು. ಅಂಥ ಕಾಲ ಮತ್ತೆ ಬಾರದೆಂದೇ ಇಟ್ಟುಕೊಂಡರೂ, ದಿನನಿತ್ಯದ ಕಾಗದಪತ್ರಗಳಲ್ಲಿ ಗಡಿ ಇದ್ದೇ ಇದೆ.

ವಾಹನವನ್ನೇ ತೆಗೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಕೆಎ 19ರ ಕಾರನ್ನು ಕುಂಬಳೆಯ ಅಂಗಳದಲ್ಲಿ ನಿಲ್ಲಿಸುವವರು ಕೆಎಲ್ 14ಕ್ಕೆ ಬದಲಿಸುವ ತೆರಿಗೆಯನ್ನು ಮೊದಲೇ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ತಲಪಾಡಿಯ ಟೋಲ್ ಕೂಡ ಇದೆ. 2025ರ ಆಗಸ್ಟ್ 15ರಂದು ₹3,000ಕ್ಕೆ ಜಾರಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸಿನಲ್ಲಿ ಸಿಗುವುದು 200 ದಾಟುವಿಕೆ, ದಿನಕ್ಕೆ ಎರಡು ಬಾರಿ ದಾಟುವವರಿಗೆ ಅದು 100 ಕೆಲಸದ ದಿನಗಳಲ್ಲೇ ಮುಗಿದುಹೋಗುತ್ತದೆ. ಟೋಲ್‌ನಿಂದ 20 ಕಿಲೋಮೀಟರಿನೊಳಗೆ ವಾಸಿಸುವ, ವಾಣಿಜ್ಯೇತರ ವಾಹನವಿರುವ ಸ್ಥಳೀಯರಿಗೆ ದೊರೆಯುವ ತಿಂಗಳ ಪಾಸು ಇಂಥವರಿಗೆ ಹೆಚ್ಚು ಉಪಯೋಗದ್ದು, ಮಂಜೇಶ್ವರ, ಉಪ್ಪಳದ ಮನೆಗಳಿಗೆ ಈ ಒಂದು ಅನುಕೂಲವಿದೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಆ ರಾಜ್ಯದ ನಿವಾಸಿ ಮಹಿಳೆಯರಿಗೆ, ಅದೂ ರಾಜ್ಯದೊಳಗೆ ಮಾತ್ರ. ಕಾಸರಗೋಡಿನಿಂದ ಹೋಗಿಬರುವವರು ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ಒಂದೇ ಕಡೆ ಇರಬೇಕು, ಸ್ಥಳ ಬದಲಾದರೆ ನಮೂನೆ 8 ತುಂಬಿದರಾಯಿತು.

ಮಕ್ಕಳಿದ್ದರೆ ಈ ಗೆರೆಯ ತೂಕ ಹೆಚ್ಚುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳು ಕೇರಳದ ಪಠ್ಯಕ್ರಮವನ್ನೇ ಅನುಸರಿಸುತ್ತವೆ. ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಸಾಮಾನ್ಯ ಅರ್ಹತೆಯೆಂದರೆ ಆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಗಡಿನಾಡಿನ ಕನ್ನಡ, ತುಳು ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಬೇರೆ ಷರತ್ತಿನಡಿ ಅವಕಾಶವಿದೆ. ಎಂಟನೆಯ, ಒಂಬತ್ತನೆಯ ತರಗತಿಯ ಹೊತ್ತಿಗೆ ಗಡಿ ದಾಟಿ ಮನೆ ಬದಲಿಸಿದರೆ ಮಗು ಎರಡೂ ಕಡೆಯ ಷರತ್ತಿನಿಂದ ಹೊರಗುಳಿಯುವ ಸಾಧ್ಯತೆ ಇರುವುದರಿಂದ, ಆ ವರ್ಷದ ಪ್ರವೇಶ ಕೈಪಿಡಿಯನ್ನು ಓದದೆ ಶಾಲೆ ಬಿಡಿಸಬಾರದು.

ಎರಡು ಮನೆ ಅನಿವಾರ್ಯವಾದಾಗ

ಒಬ್ಬರಿಗೆ ಬೆಂಗಳೂರು, ಇನ್ನೊಬ್ಬರಿಗೆ ಕಾಸರಗೋಡು ಎಂದಾದರೆ ಮೇಲಿನ ಹೆಚ್ಚಿನ ಮಾತುಗಳು ನಿರುಪಯೋಗಿ. ಆಗ ಒಂದನ್ನು ಮನೆಯೆಂದೂ ಇನ್ನೊಂದನ್ನು ಕೋಣೆಯೆಂದೂ ಒಪ್ಪಿಕೊಳ್ಳುವುದು ಜಾಣತನ. ಎರಡು ಕಡೆಯೂ ಫ್ರಿಜ್, ವಾಷಿಂಗ್ ಮೆಷಿನ್, ಸೋಫಾ ಕೂಡಿಸಿದವರ ಉಳಿತಾಯ ಅದರಲ್ಲೇ ಕರಗುತ್ತದೆ. ಮಗು ಮತ್ತು ಹಿರಿಯರು ಇರುವ ಕಡೆಯೇ ಮನೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು, ಇಬ್ಬರೂ ನಿಜವಾಗಿ ಬೇರೆ ಬೇರೆ ಬಾಡಿಗೆ ಕೊಡುತ್ತಿದ್ದರೆ, ತಮ್ಮ ತಮ್ಮ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳಬಹುದು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ.

ಪ್ರಯಾಣದ ಮಟ್ಟಿಗೆ, 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನಗಳಿಗೆ ಇಳಿದಿರುವುದರಿಂದ ದೀಪಾವಳಿ, ವಿಷು ರಜೆಗಳಿಗೆ ದಿನ ನೋಡಿಕೊಂಡೇ ಟಿಕೆಟ್ ಕಾಯ್ದಿರಿಸಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 2024ರ ಜುಲೈ ಕೊನೆಯಲ್ಲಿ ಗುಡ್ಡ ಕುಸಿದು ರೈಲು ನಿಂತಿತ್ತು, ರಸ್ತೆಯೂ ಅದೇ ಘಟ್ಟದ್ದೇ. ಮಳೆಗಾಲದಲ್ಲಿ ಪ್ರತಿ ವಾರ ಬಂದುಹೋಗುವ ಮಾತು ಕೊಡದಿರುವುದು ಇಬ್ಬರ ಮನಸ್ಸಿಗೂ ಒಳಿತು.

ಕೊನೆಗೆ: ಕಟ್ಟುವ ಮೊದಲು ಬಾಡಿಗೆ

ಹಿರಿಯರ ಜಾಗವಿದೆ, ಅಡಿಕೆ ತೋಟದ ಪಕ್ಕ ಹತ್ತು ಸೆಂಟ್ಸ್ ಕೊಡುತ್ತಾರೆ ಎಂಬ ಕಾರಣಕ್ಕೆ ಸಾಲ ತೆಗೆದು ಮನೆ ಕಟ್ಟುವುದು ನಮ್ಮ ಕಡೆ ದೊಡ್ಡ ಸೆಳೆತ. ಜಾಗ ಬಿಟ್ಟಿ ಸಿಕ್ಕಿದರೂ ಅಲ್ಲಿಂದ ದಿನಕ್ಕೆ ನಾಲ್ಕು ಗಂಟೆ ಪ್ರಯಾಣವಾದರೆ ಆ ಮನೆ ಅಗ್ಗದ್ದಲ್ಲ. ಒಂದು ಮಳೆಗಾಲವನ್ನೂ ಒಂದು ಶಾಲಾ ವರ್ಷವನ್ನೂ ಬಾಡಿಗೆ ಮನೆಯಲ್ಲಿ ಕಳೆದು ನೋಡಿ, ಆಮೇಲೆ ಕಟ್ಟುವ ಯೋಚನೆ ಮಾಡಬಹುದು. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಆಗುತ್ತದೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ವರ್ಗಾವಣೆಯ ಸಾಧ್ಯತೆ ಇರುವವರು, ಆದೇಶ ಬಂದರೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಮುಂಗಡ ಪೂರ್ತಿ ಹಿಂದಕ್ಕೆ ಪಡೆಯುವ ಷರತ್ತನ್ನು ಆ ಕರಾರಿನಲ್ಲೇ ಬರೆಯಿಸಿಕೊಳ್ಳಬೇಕು. ಮನೆಯ ಯಜಮಾನರು ಪರಿಚಯಸ್ಥರು, ಬಾಯಿಮಾತು ಸಾಕು ಎಂದರೂ ಬರೆಯಿಸಿಕೊಳ್ಳಬೇಕು.